ಜ್ವರ ಮುಟ್ಟದ ಜಾಗ

ಹೊಳೆದಂಡೆಯ ಆಶ್ರಮದಲ್ಲಿ ರೇವಣಯ್ಯನವರೆಂಬ ಗುರುಗಳಿದ್ದರು. ಮುರಿದ ಮೂಳೆ, ತಪ್ಪಿದ ಕೀಲು ಕೂಡಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ.

ಒಂದು ವರ್ಷ ಅವರಿಗೆ ವಿಷಮಜ್ವರ ಬಂತು. ಬದುಕಿಕೊಂಡರು. ಆದರೆ ಹನ್ನೊಂದು ವರ್ಷ ಜೊತೆಗಿದ್ದ ಶಿಷ್ಯ ಹಾಲೇಶನನ್ನು ನೋಡಿ, "ಯಾರಪ್ಪ ನೀನು?" ಎಂದರು.

"ನಿಮ್ಮ ಶಿಷ್ಯ, ಗುರುಗಳೇ. ಬಂದ ದಿನ ನೀವೇ ಕೈ ಹಿಡಿದು ದೋಣಿಯಿಂದ ಇಳಿಸಿದಿರಿ."

"ಇರಬಹುದು. ಆ ದಿನ ನನ್ನ ಹತ್ತಿರ ಇಲ್ಲ."

"ತೋಳು ಮುರಿದರೆ ಯಾವ ಸೊಪ್ಪು ಕಟ್ಟಬೇಕು? ನೀವೇ ಕಲಿಸಿದ ಪದ್ಯ ಇದೆಯಲ್ಲ?"

"ಅದೂ ಇಲ್ಲ."

ಹಾಲೇಶ ಹಿತ್ತಲಿಗೆ ಹೋಗಿ ಅತ್ತ. ಪದ್ಯಕ್ಕೇನು, ಅವನಿಗೆ ನಾನೂರು ಬಾಯಿಪಾಠವಾಗಿದ್ದವು. ಕೈಗೆ ಮಾತ್ರ ಒಂದೂ ಹತ್ತಿರಲಿಲ್ಲ. ಇನ್ನು ಕಲಿಸುವವರು ಯಾರು? ಬಟ್ಟೆಬರೆ ಗಂಟು ಕಟ್ಟಿದ.

ಅಷ್ಟರಲ್ಲಿ ಅಗಸರ ಹೆಂಗಸೊಬ್ಬಳನ್ನು ಕರೆತಂದರು. ಒಗೆಯುವ ಕಲ್ಲಿನ ಮೇಲೆ ಜಾರಿ ಬಿದ್ದು ಭುಜದ ಕೀಲು ತಪ್ಪಿತ್ತು. ಹಾಲೇಶ ಪದ್ಯ ಹೇಳಿಕೊಳ್ಳುತ್ತಾ ತೋಳು ಎಳೆದ. ಅವಳು ಚೀರಿದಳು. ಅವನು ಬೆವೆತು ಹಿಂದೆ ಸರಿದ.

ರೇವಣಯ್ಯನವರು ಬಂದು ಅವಳ ಪಕ್ಕ ಕೂತು ತೋಳು ಹಿಡಿದರು.

"ನಿನ್ನ ಹೆಸರೇನವ್ವ?"

"ಗಿರಿ..."

ಕಟಕ್ ಎಂದಿತು. ಹೆಸರು ಬಾಯಲ್ಲಿ ಅರ್ಧ ಉಳಿದಿತ್ತು, ತೋಳು ಪೂರ್ತಿ ಕೂತಿತ್ತು. ಗಿರಿಯವ್ವ ಕೈ ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿದಳು.

ಹಾಲೇಶ ಹತ್ತಿರ ಬಂದ.

"ಎಲ್ಲಾ ಮರೆತಿದ್ದೀರಿ. ಇದು ಹೇಗೆ ನೆನಪಾಯಿತು, ಗುರುಗಳೇ?"

ಗುರುಗಳು ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವರಿಗೂ ಬೆರಗು.

"ನನಗೇನೂ ನೆನಪಾಗಲಿಲ್ಲಪ್ಪ. ಇವು ನನ್ನನ್ನು ಕೇಳಲೇ ಇಲ್ಲ."

"ಹಾಗಾದರೆ ನಾನು ಕಲಿಯುವುದು ಹೇಗೆ? ನೀವು ಹೇಳಿಕೊಡಲಾರಿರಿ."

ಗುರುಗಳು ಕೈ ನಡೆಸಿದಂತೆ ಎದ್ದರು. ಒಂದು ಮಡಕೆಯನ್ನು ಗೋಣಿಚೀಲಕ್ಕೆ ಹಾಕಿ, ನೆಲಕ್ಕೆ ಬಡಿದು ಒಡೆದು, ಚೀಲವನ್ನು ಅವನ ಮಡಿಲಿಗಿಟ್ಟರು.

ಹಾಲೇಶ ತಲೆ ತಗ್ಗಿಸಿದ. ಹೊಸ ಶಿಷ್ಯರಿಗೆ ಮೊದಲ ದಿನ ಕೊಡುವ ಕೆಲಸ ಅದು. ಒಳಗೆ ನೋಡದೆ, ಚೀಲದ ಮೇಲಿಂದಲೇ ತಡವಿ ಚೂರಿಗೆ ಚೂರು ಹೊಂದಿಸಬೇಕು. ಪದ್ಯ ಓದುವುದಿದೆ ಎಂದು ನೆಪ ಹೇಳಿ ಹನ್ನೊಂದು ವರ್ಷ ತಪ್ಪಿಸಿಕೊಂಡಿದ್ದ.

"ನಾನು ಯಾರೆಂದು ಈಗಲಾದರೂ ಗೊತ್ತಾಯಿತೇ, ಗುರುಗಳೇ?"

"ಇಲ್ಲಪ್ಪ. ನಿನ್ನ ಬೆರಳುಗಳಿಗೆ ನಾನು ಯಾರೆಂದು ಗೊತ್ತಾಗುವವರೆಗೆ ಇಲ್ಲೇ ಕೂತಿರು."