ಹರಿಗೋಲಿನ ಮುಂದು

ಸಂಜೆಯಾದರೆ ಹರಿಗೋಲು ಹತ್ತಿ ಹೊಳೆಯಲ್ಲಿ ಸುಮ್ಮನೆ ಒಂದು ಸುತ್ತು ಹೋಗಿಬರುವುದೆಂದರೆ ನೀರುನಾಯಿಗೆ ಎಲ್ಲಿಲ್ಲದ ಸುಖ. ಒಂದು ದಿನ ಆಚೆ ದಡದಲ್ಲಿ ದೋಣಿಗಳ ಪ್ರದರ್ಶನ ನಡೆದಿದೆಯೆಂದು ಕೇಳಿ, ಅದನ್ನು ನೋಡಲು ಹರಿಗೋಲಿನಲ್ಲೇ ಹೋಯಿತು. ಅಲ್ಲಿ ಬಣ್ಣ ಬಳಿದುಕೊಂಡ ದೋಣಿಗಳು ಒಣನೆಲದ ಮೇಲೆ ಸಾಲಾಗಿ ನಿಂತಿದ್ದವು. ನೀರುನಾಯಿ ಒಂದನ್ನು ಹತ್ತಿತು, ಇಳಿಯಿತು, ಇನ್ನೊಂದನ್ನು ಮೂಸಿತು, ಮತ್ತೆ ಮೊದಲಿನದಕ್ಕೇ ಓಡಿಬಂತು.

"ತಮ್ಮ ದೋಣಿ ಯಾವುದು?" ಎಂದು ಚೂಪು ಮೂತಿಯ ಮೋಟಾರು ದೋಣಿ ಕೇಳಿತು.

"ಹರಿಗೋಲು."

"ಅಯ್ಯೋ, ಆ ದುಂಡು ಬುಟ್ಟಿಯೇ! ಅದಕ್ಕೆ ಮುಂದು ಯಾವುದು, ಹಿಂದು ಯಾವುದು?"

ನೀರುನಾಯಿಗೆ ಇಷ್ಟು ದಿನ ಆ ಪ್ರಶ್ನೆಯೇ ಎದ್ದಿರಲಿಲ್ಲ. ಅದು ದಡದಲ್ಲಿ ಕಟ್ಟಿದ್ದ ಹರಿಗೋಲಿಗೆ ಹಾರಿ, ಮನೆಯತ್ತ ಬಿರಬಿರನೆ ಹುಟ್ಟು ಹಾಕತೊಡಗಿತು. ನಡುಹೊಳೆಗೆ ಬಂದದ್ದೇ ತಡ, ಹರಿಗೋಲು ನಿಂತಲ್ಲೇ ಗಿರಗಿರನೆ ತಿರುಗಿತು.

"ಆ ಮೋಟಾರು ದೋಣಿ ಹೇಳಿದ್ದು ನಿಜ. ನಿನಗೆ ಮುಂದೂ ಇಲ್ಲ, ಹಿಂದೂ ಇಲ್ಲ!" ಎಂದು ನೀರುನಾಯಿ ಸಿಡುಕಿತು.

"ಇದೆಯಲ್ಲಪ್ಪಾ," ಎಂದಿತು ಹರಿಗೋಲು. "ನೀನು ಎತ್ತ ಮುಖ ಮಾಡಿ ಕೂರುತ್ತೀಯೋ ಅದೇ ನನ್ನ ಮುಂದು. ನಿನ್ನೆಯವರೆಗೆ ನೀನು ಹೋಗುವ ಕಡೆ ನೋಡುತ್ತಿದ್ದೆ, ನೆಟ್ಟಗೆ ಹೋಗುತ್ತಿದ್ದೆವು. ಇವತ್ತು ಹುಟ್ಟು ಹಾಕಿದಾಗಲೆಲ್ಲ ಕತ್ತು ತಿರುಗಿಸಿ ಆ ದಡ ನೋಡುತ್ತೀಯ. ನಾನು ಯಾವ ಕಡೆಗೆ ಹೋಗಲಿ, ಹೇಳು."

"ನಾನೆಲ್ಲಿ ನೋಡಿದೆ?" ಎಂದಿತು ನೀರುನಾಯಿ.

ಹಾಗೆನ್ನುವಾಗಲೂ ಅದರ ಕತ್ತು ಹಿಂದಕ್ಕೇ ಹೊರಳಿತ್ತು. ಹರಿಗೋಲು ಇನ್ನೊಂದು ಸುತ್ತು ತಿರುಗಿತು.