ತಾರಸಿಗೆ ಬಂದ ಅಗ್ನಿದೇವ

ನಂಬಿದವರಿಗೆ ಶಿವ ಅನ್ನವನ್ನಷ್ಟೇ ಅಲ್ಲ, ಹೊತ್ತಿಗೊಂದು ಉಪಾಯವನ್ನೂ ಕೊಡುತ್ತಾನೆ.

ಜವಳಿ ವ್ಯಾಪಾರಿ ಗುರುಬಸಪ್ಪನವರಿಗೆ ತಾರಸಿಯ ಮೇಲೆ ಕಲ್ಲಿನ ಅಗ್ನಿಕುಂಡ ಕಟ್ಟಿಸುವ ಹುಚ್ಚು ಹತ್ತಿತು. ಸಂಜೆ ಅದರ ಸುತ್ತ ನೆಂಟರನ್ನು ಕೂರಿಸಿಕೊಂಡು ಮೆರೆಯಬೇಕು. ಆರಿಸಿದ ಜಾಗವೋ, ಅಡುಗೆಯ ಶಿವಗಂಗಮ್ಮ ಮಲಗುವ ಕೋಣೆಯ ನೆತ್ತಿ. ಅಲ್ಲಿನ ಸೂರು ಆಗಲೇ ಬಿರುಕು ಬಿಟ್ಟಿತ್ತು.

"ಸಾಹುಕಾರ್ರೇ, ಯಾರಾದ್ರೂ ಇಂಜಿನಿಯರಿಗೆ ತೋರಿಸಿ," ಎಂದಳು.

"ಕಾಂಕ್ರೀಟಮ್ಮಾ ಅದು! ಏನೂ ಆಗಲ್ಲ. ನೀನು ಸಾರು ನೋಡ್ಕೋ."

ಅವಳು ಸಾರು ಕುದಿಸುತ್ತಾ ಶಿವನನ್ನು ನೆನೆದಳು. ಚಪ್ಪಲಿ ಬಿಡುವ ಜಾಗಕ್ಕೂ ವಾಸ್ತು ಕೇಳುವವರು ಈ ಯಜಮಾನರು ಎಂಬುದು ಆಗ ಹೊಳೆಯಿತು. ಅನ್ನ ಬಡಿಸುವಾಗ ಮೆಲ್ಲಗೆ ಅಂದಳು: "ಅಗ್ನಿದೇವನ್ನ ವಾಯುವ್ಯದಲ್ಲಿ ಕೂರಿಸ್ತಿದ್ದೀರಲ್ಲ, ಅವನ ಮೂಲೆ ಆಗ್ನೇಯ ಅಲ್ವಾ?"

ತುತ್ತು ಕೈಯಲ್ಲೇ ನಿಂತಿತು. "ಹೌದಲ್ಲಮ್ಮಾ! ಆಗ್ನೇಯಕ್ಕೇ ಕಟ್ಟಿಸೋಣ."

ಮರುಕ್ಷಣವೇ ಅವರ ಮುಖ ಸಪ್ಪಗಾಯಿತು. ಆಗ್ನೇಯ ಮೂಲೆಯ ಕೆಳಗಿದ್ದುದು ಅವರದೇ ಮಂಚ.

"ಕಾಂಕ್ರೀಟು ಸಾಹುಕಾರ್ರೇ, ಏನೂ ಆಗಲ್ಲ," ಎನ್ನುತ್ತಾ ಶಿವಗಂಗಮ್ಮ ತುಪ್ಪ ಬಡಿಸಿದಳು.

ಮಜ್ಜಿಗೆ ಬರುವ ಮೊದಲೇ ಇಂಜಿನಿಯರಿಗೆ ಫೋನು ಹೋಯಿತು. ಅವನು ಬಂದು ತಾರಸಿಯನ್ನೆಲ್ಲ ತಟ್ಟಿ ನೋಡಿ, "ಇಷ್ಟು ಕಲ್ಲಿನ ಭಾರ ಯಾವ ಮೂಲೆಯೂ ತಡೆಯಲ್ಲ," ಎಂದ. ಅಗ್ನಿಕುಂಡ ಅಂಗಳಕ್ಕಿಳಿಯಿತು. ಬಿರುಕಿಗೆ ಸಿಮೆಂಟು ಬಿತ್ತು. ಶಿವಗಂಗಮ್ಮನ ಎದೆ ಹಗುರಾಯಿತು.

"ಏನಮ್ಮಾ, ಬೇಕಂತಲೇ ಆ ಮೂಲೆ ತೋರಿಸಿದ್ಯಾ?" ಎಂದು ಯಜಮಾನರು ಕಣ್ಣು ಕಿರಿದು ಮಾಡಿದರು.

ಅವಳು ಕೈಮುಗಿದಳು. "ನಾನ್ಯಾರು ಸಾಹುಕಾರ್ರೇ? ದಿಕ್ಕು ತೋರಿಸೋನು ಶಿವ."