ನೀಲಗಂಗಾ ಮುಚ್ಚದ ಕಿಟಕಿ

ಗದಗಿನ ಒಂದು ಕಚೇರಿಯಲ್ಲಿ ನೀಲಗಂಗಾ, ಫಕ್ಕೀರೇಶ ಎಂಬ ಇಬ್ಬರು ಕೆಲಸ ಮಾಡುತ್ತಿದ್ದರು. ಯಾವ ಊರಿನ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಇದೆ ಎಂದು ಆಸ್ಪತ್ರೆಗಳಿಗೆ ತೋರಿಸುವ ಸರ್ವರ್ ಅವರ ಸುಪರ್ದಿಯಲ್ಲಿತ್ತು. ಸರ್ವರ್ ಇದ್ದದ್ದು ಒಂದು ದಿನದ ಹಾದಿಯ ಊರಿನಲ್ಲಿ. ಇವರು ಕೂತಲ್ಲೇ ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿ ತೆರೆದು, ಕಮಾಂಡ್ ಟೈಪ್ ಮಾಡಿ ಅದರೊಳಗೆ ಹೋಗಿ ಬರುತ್ತಿದ್ದರು.

ನೀಲಗಂಗಾಗೆ ಒಂದು ರೂಢಿ. ಸರ್ವರಿನ ಕಾವಲು, ಅಂದರೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿಯಮ, ಬದಲಾಗುವ ದಿನ ಮೊದಲೇ ಒಂದು ಕಿಟಕಿಯಿಂದ ಒಳಗೆ ಹೋಗಿ ಕೂತುಬಿಡುವಳು. ಇನ್ನೊಂದು ಹೊಸ ಕಿಟಕಿಯಿಂದ ಒಳಗೆ ಬರಲಾಗುತ್ತದೆ ಎಂದು ಕಣ್ಣಾರೆ ಕಂಡ ಮೇಲೇ ಮೊದಲನೆಯದನ್ನು ಮುಚ್ಚುವಳು.

ಫಕ್ಕೀರೇಶನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ಅಕ್ಕಾರ, ಬೆಲ್ಟ್ ಇದ್ದಮ್ಯಾಲೆ ಉಡದಾರ ಯಾಕ್ರೀ?" ಎನ್ನುವನು. ಕಚೇರಿಯೆಲ್ಲ ನಗುವುದು. ನೀಲಗಂಗಾಗೆ ನೋವಾಗುತ್ತಿತ್ತು, ಆದರೂ ರೂಢಿ ಬಿಡಲಿಲ್ಲ.

ಒಂದು ಬೆಳಿಗ್ಗೆ ಸರ್ವರಿಗೆ ಹೊಸ ಕಾವಲು ಹಾಕುವ ಕೆಲಸ ಫಕ್ಕೀರೇಶನ ಪಾಲಿಗೆ ಬಂತು. ಎಲ್ಲರನ್ನೂ ತಡೆ ಎಂದು ಬರೆದ. ಬೇಕಾದವರನ್ನು ಬಿಡು ಎಂಬ ಸಾಲು ಬರೆಯಲು ಮರೆತ. ತನ್ನ ಕಿಟಕಿ ಮುಚ್ಚಿ ಚಹಾಕ್ಕೆ ಎದ್ದೂಬಿಟ್ಟ.

"ಮುಗೀತ್ರೀ ಅಕ್ಕಾರ. ನಿಮ್ಮ ಕಿಟಕೀನೂ ಮುಚ್ರಿ."

"ಮೊದಲ ನೀ ಹೊಸದಾಗಿ ಒಳಗ ಬಂದು ತೋರಿಸು. ಆಮ್ಯಾಲೆ ಮುಚ್ತೀನಿ," ಎಂದಳು ನೀಲಗಂಗಾ.

ಅವನು ನಗುತ್ತಲೇ ಕಮಾಂಡ್ ಟೈಪ್ ಮಾಡಿದ. ಸರ್ವರ್ ಉತ್ತರ ಕೊಡಲಿಲ್ಲ. ಮತ್ತೆ ಮಾಡಿದ. ಇಲ್ಲ. ಅಷ್ಟರಲ್ಲಿ ಕೊಪ್ಪಳದ ಒಬ್ಬ ನರ್ಸ್ ಫೋನ್ ಮಾಡಿದಳು.

"ಬಾಣಂತಿಗೆ ರಕ್ತ ಹೋಗೂದು ನಿಂದ್ರವಲ್ದ್ರೀ! ಓ ನೆಗೆಟಿವ್ ಬೇಕು. ನಿಮ್ಮ ಪಟ್ಟಿ ತೆರೀವಲ್ದು!"

ಸರ್ವರ್ ಇರುವ ಊರಿಗೇ ಹೋಗಿ ತಿದ್ದಬೇಕು ಎಂದು ಫಕ್ಕೀರೇಶ ಎದ್ದ. ಆದರೆ ಅಲ್ಲಿ ಮುಟ್ಟುವಷ್ಟರಲ್ಲಿ ಆ ತಾಯಿ ಉಳಿಯುವಳೇ?

"ಅಂಜಬ್ಯಾಡ," ಎಂದಳು ನೀಲಗಂಗಾ. "ಕಾವಲು ಹೊರಗಿನವರನ್ನ ತಡದೈತಿ. ಒಳಗಿದ್ದ ನನ್ನ ಹೊರಗ ಹಾಕಿಲ್ಲ."

ಮುಚ್ಚದೆ ಬಿಟ್ಟಿದ್ದ ಕಿಟಕಿಯಲ್ಲಿ ಮರೆತ ಸಾಲನ್ನು ಬರೆದಳು. ಒಂದೂ ಚುಚ್ಚುಮಾತು ಆಡಲಿಲ್ಲ.

"ತೆರೀತ್ರೀ! ಗಂಗಾವತಿಯಾಗ ಎರಡು ಬಾಟ್ಲಿ ಐತಿ!" ಎಂದು ನರ್ಸ್ ಕೂಗಿದಳು.

ಊಟದ ಹೊತ್ತಿಗೆ ಅವಳೇ ಮತ್ತೆ ಫೋನ್ ಮಾಡಿದಳು. ತಾಯಿ ಕಣ್ಣು ತೆರೆದಿದ್ದಳು, ಹೆಣ್ಣು ಕೂಸು ಹಾಲು ಕುಡಿಯುತ್ತಿತ್ತು. ಹಿಂದೆ ನಕ್ಕಿದ್ದ ಕಚೇರಿಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ನೀಲಗಂಗಾಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಫಕ್ಕೀರೇಶ ಕೈ ಮುಗಿದ. "ಅಕ್ಕಾರ, ಇವತ್ತ ಬೆಲ್ಟ್ ಹರೀತು. ಮಾನ ಉಳಿಸಿದ್ದು ನಿಮ್ಮ ಉಡದಾರ."

ನೀತಿ: ಹೊಸ ದಾರಿಯಲ್ಲಿ ನಡೆದು ನೋಡುವ ಮುನ್ನ ಹಳೆಯ ದಾರಿಯನ್ನು ಮುಚ್ಚಬಾರದು. ಎಚ್ಚರಿಕೆಯನ್ನು ಅಂಜಿಕೆ ಎಂದು ನಕ್ಕವನನ್ನೂ ಒಂದು ದಿನ ಆ ಎಚ್ಚರಿಕೆಯೇ ಕಾಯುತ್ತದೆ.